ತಾಯಿಹಿಟ್ಟನ್ನು ಅಕ್ರಮವಾಗಿ ಬಚ್ಚಿಟ್ಟುಕೊಂಡವರಿಗೆ ಕ್ಷಮಾದಾನ ನೀಡುವ ಬಗ್ಗೆ

ಅಡುಗೆಮನೆ ಆಡಳಿತ ಇಲಾಖೆ
ಮೂರನೇ ಮಹಡಿ, ಎಡಗಡೆ ಬಾಗಿಲು (ಕರೆಗಂಟೆ ಕೆಟ್ಟಿದೆ, ತಟ್ಟತಕ್ಕದ್ದು)

ಸುತ್ತೋಲೆ ಸಂಖ್ಯೆ: ಅಆಇ/ತಾಹಿ/9
ದಿನ: ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ

ವಿಷಯ: ಇಟಲಿ ಮಾದರಿಯ ಬ್ರೆಡ್ಡಿನ ತಾಯಿಹಿಟ್ಟನ್ನು ಸುತ್ತೋಲೆ 7ಕ್ಕೆ ವಿರುದ್ಧವಾಗಿ ಉಳಿಸಿಕೊಂಡಿರುವವರನ್ನು ಕ್ಷಮಿಸುವ, ಅವರಿಗೆ ಕೃತಜ್ಞತೆ ಸಲ್ಲಿಸುವ ಹಾಗೂ ಮುಂದೆ ಓವನ್ ಹಚ್ಚುವ ವಿಧಾನದ ಬಗ್ಗೆ.

ಉಲ್ಲೇಖ:
1. ಯಜಮಾನಿಯವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋದ ಚೀಟಿ.
2. ಸುತ್ತೋಲೆ 7 (ಹಿಟ್ಟು ಹಂಚಿಕೆ ನಿಷೇಧ).
3. ಎಚ್ಚರಿಕೆ ಪತ್ರ 8 (ಯಾರಿಗೂ ತಲುಪಿಲ್ಲ).
4. ಭಾನುವಾರದ ಮಹಜರು.
5. ನೆಲಮಹಡಿಯ ದರ್ಜಿಯ ಬಾಯಿಮಾತಿನ ಹೇಳಿಕೆ.

ಪ್ರಸ್ತಾವನೆ:

ಈ ಮನೆಯ ಯಜಮಾನಿಯವರು ತಮ್ಮ ಅಕ್ಕನ ಮಂಡಿ ಶಸ್ತ್ರಚಿಕಿತ್ಸೆಯ ನಿಮಿತ್ತ ಕಳೆದ ಸೋಮವಾರ ಪರಸ್ಥಳಕ್ಕೆ ತೆರಳಿದ್ದು, ಇದೇ ಗುರುವಾರ ಸಂಜೆ ಹಿಂದಿರುಗಲಿದ್ದಾರೆ. ಹೋಗುವಾಗ ಮನೆಯನ್ನು, ಬೀಗದ ಕೈಯನ್ನು ಹಾಗೂ ಹನ್ನೊಂದು ವರ್ಷ ವಯಸ್ಸಿನ ತಾಯಿಹಿಟ್ಟನ್ನು ತಮ್ಮ ಪತಿಯವರ ವಶಕ್ಕೆ ಒಪ್ಪಿಸಿರುತ್ತಾರೆ. ಸದರಿ ಪತಿಯವರು ಎರಡು ತಿಂಗಳ ಹಿಂದೆ ದಾಖಲೆ ಕಚೇರಿಯಿಂದ ಅಧೀಕ್ಷಕರಾಗಿ ನಿವೃತ್ತರಾಗಿದ್ದು, ಇನ್ನು ಮುಂದೆಯೂ ‘ಅಧೀಕ್ಷಕರು’ ಎಂದೇ ಕರೆಯಲ್ಪಡತಕ್ಕದ್ದು. ಬೇರೆ ಏನೆಂದು ಕರೆಯಬೇಕೆಂಬುದು ಅವರಿಗೇ ಇನ್ನೂ ತಿಳಿದಿಲ್ಲ.

ತಿಳಿಯದವರ ಮಾಹಿತಿಗಾಗಿ: ತಾಯಿಹಿಟ್ಟೆಂದರೆ ಮೈದಾ ಮತ್ತು ನೀರು ಸೇರಿ ತಾನಾಗಿ ಹುಳಿತು, ಅಂಗಡಿಯ ಯೀಸ್ಟಿನ ಹಂಗಿಲ್ಲದೆ ಬ್ರೆಡ್ಡನ್ನು ಉಬ್ಬಿಸುವ ಜೀವಂತ ಮುದ್ದೆ. ದಿನವೂ ಅದರಲ್ಲಿ ಅರ್ಧ ತೆಗೆದು, ಉಳಿದ ಅರ್ಧಕ್ಕೆ ಅಷ್ಟೇ ತೂಕದ ಮೈದಾ, ಅದರರ್ಧ ನೀರು ಹಾಕಿ ನಾದಿಡಬೇಕು. ಅರ್ಧ ತೆಗೆಯದಿದ್ದರೆ ವಾರದೊಳಗೆ ಮನೆಯ ಪಾತ್ರೆಗಳೆಲ್ಲ ಅದರವೇ ಆಗುತ್ತವೆ. ಈ ಬಗ್ಗೆ ಉಲ್ಲೇಖ 1ರ ಚೀಟಿಯಲ್ಲಿ ಈ ಕೆಳಗಿನಂತೆ ಬರೆಯಲಾಗಿದೆ:

“ದಿನಾ ಬೆಳಿಗ್ಗೆ ಅರ್ಧ ತೆಗೀರಿ. ತೆಗೆದಿದ್ದನ್ನ ಎಸೀಬೇಡಿ, ಯಾರಿಗಾದ್ರೂ ಕೊಡಿ. ನರ್ಸಮ್ಮ, ಪಿಟೀಲು ಮೇಷ್ಟ್ರು, ನಿಮ್ಮ ತಂಗಿ, ಕೆಳಗಿನ ಟೈಲರು, ಎಲ್ರ ಹತ್ರನೂ ನಮ್ಮ ಹಿಟ್ಟೇ ಇರೋದು, ಬೇಕಾ ಅಂತ ಕೇಳಿ ಕೊಡಿ. ನೀವಾಗೇ ತಲೆ ಓಡಿಸೋಕೆ ಹೋಗ್ಬೇಡಿ.”

ಸದರಿ ಚೀಟಿಯ ಕೊನೆಯ ವಾಕ್ಯ ಪಾಲನೆಯಾಗಿಲ್ಲವೆಂದು ವಿಷಾದಪೂರ್ವಕವಾಗಿ ದಾಖಲಿಸಲಾಗಿದೆ. ಆದುದರಿಂದ ಎಲ್ಲರ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ.

1. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಸ್ವೀಕೃತಿ ಇಲ್ಲದೆ ಅರ್ಧ ಹಾಳೆಯನ್ನೂ ಹೊರಗೆ ಬಿಡದ ಅಧೀಕ್ಷಕರಿಗೆ, ಸ್ವಂತ ಅಡುಗೆಮನೆಯ ಹಿಟ್ಟು ಯಾವುದೇ ಸಹಿ ಇಲ್ಲದೆ ನಾಲ್ಕು ಮನೆಗಳಲ್ಲಿ ಉಬ್ಬುತ್ತಿರುವುದು ಕಳೆದ ಮಂಗಳವಾರ ತಿಳಿದುಬಂದು, ಆ ದಿನದ ಊಟ ಸೇರಲಿಲ್ಲ. ಬುಧವಾರ ಸುತ್ತೋಲೆ 7 ಹೊರಡಿಸಿ, ನಲವತ್ತೆಂಟು ಗಂಟೆಗಳೊಳಗೆ ಹಿಟ್ಟನ್ನು ಹಿಂದಿರುಗಿಸಲು ಸೂಚಿಸಲಾಯಿತು. ನಿವೃತ್ತಿಯ ನಂತರ ಅವರ ಆದೇಶವೊಂದು ಪಾಲನೆಯಾದದ್ದು ಇದೇ ಮೊದಲಾದ್ದರಿಂದ ಅವರಿಗೆ ಬಹಳ ಸಂತೋಷವಾಯಿತು. ಹಿಂದಿರುಗಿಸಿದವರ ಹೇಳಿಕೆಗಳು ಇಂತಿವೆ.

(ಅ) ಎರಡನೇ ಮಹಡಿಯ ನರ್ಸ್: “ತಗೊಳ್ಳಿ ಸರ್, ನಿಮ್ಮ ಹಿಟ್ಟು ನಿಮಗೇ ಇರ್ಲಿ. ನಮ್ಮ ಆಸ್ಪತ್ರೇಲಿ ರಕ್ತ ತಗೊಳ್ಳೋಕೂ ಇಷ್ಟು ಸಹಿ ಹಾಕಿಸ್ಕೊಳ್ಳಲ್ಲ.”

(ಆ) ಎದುರು ಬೀದಿಯ ತಂಗಿ: “ಅಣ್ಣಾ, ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಸದರಿ ಪ್ರಶ್ನೆ ಪರಿಶೀಲನೆಯಲ್ಲಿದೆ.

(ಇ) ಪಿಟೀಲು ಮೇಷ್ಟ್ರು: ಡಬ್ಬಿ ಕೊಟ್ಟು ಬಾಗಿಲು ಹಾಕಿಕೊಂಡರು. ಆ ಬಳಿಕ ಒಳಗಿನಿಂದ ಕೇಳಿಬಂದ ಕರ್ಕಶವಾದ ಒಂದು ಎಳೆತವನ್ನೇ ಹೇಳಿಕೆ ಎಂದು ಪರಿಗಣಿಸಲಾಗಿದೆ.

(ಈ) ನೆಲಮಹಡಿಯ ದರ್ಜಿ: ಹಿಟ್ಟೂ ಬಂದಿಲ್ಲ, ಕಾಗದವೂ ಬಂದಿಲ್ಲ.

2. ಹೀಗೆ ವಶಪಡಿಸಿಕೊಂಡ ಮೂರು ಡಬ್ಬಿ ಹಿಟ್ಟನ್ನೂ, ದಿನವೂ ತೆಗೆದ ಅರ್ಧವನ್ನೂ ನಿಯಮಾನುಸಾರ ಸಿಂಕಿನಲ್ಲಿ ವಿಲೇವಾರಿ ಮಾಡಲಾಯಿತು. ಹಿಟ್ಟು ಪೈಪಿನಲ್ಲಿ ಕೂತು ಉಬ್ಬಿದ್ದರಿಂದ, ಅದನ್ನು ಇಳಿಸಲು ಎರಡು ಪಾತ್ರೆ ಕುದಿಯುವ ನೀರನ್ನು ಸುರಿಯಲಾಯಿತು. ಕೊಳಾಯಿ ರಿಪೇರಿಯವರ ತಾಂತ್ರಿಕ ವರದಿ: “ಬಿಸಿನೀರು ಹಾಕಿದ್ರಾ? ಭೇಷ್! ಒಳಗೇ ಬೆಂದುಹೋಗಿದೆ. ಪೈಪಲ್ಲಿ ಬ್ರೆಡ್ ಮಾಡ್ದೋರ್ನ ನಾನು ಇವತ್ತೇ ನೋಡಿದ್ದು.”

3. ಶನಿವಾರ ಚಳಿ ಹೆಚ್ಚಾಗಿ, ಭರಣಿಯಲ್ಲಿದ್ದ ತಾಯಿಹಿಟ್ಟು ಉಬ್ಬದೆ ಮುದುಡಿ ಕುಳಿತಿದ್ದರಿಂದ, ಯಜಮಾನಿಯವರು ಚಳಿಗಾಲದಲ್ಲಿ ಮಾಡುವಂತೆಯೇ ಭರಣಿಯನ್ನು ಹಚ್ಚದ ಓವನ್ನಿನೊಳಗಿಟ್ಟು, ಬಿಸುಪಿಗೆಂದು ಅದರೊಳಗಿನ ಬಲ್ಬು ಮಾತ್ರ ಉರಿಸಿ, ಬಾಗಿಲು ಮುಚ್ಚಲಾಯಿತು. ಇದರಲ್ಲಿ ತಪ್ಪೇನಿಲ್ಲ. ತತ್‌ಕ್ಷಣವೇ ಎಚ್ಚರಿಕೆ ಪತ್ರ 8 ಸಿದ್ಧಪಡಿಸಲಾಯಿತು. ಅದರ ಒಕ್ಕಣೆ: ‘ಓವನ್ನಿನೊಳಗೆ ತಾಯಿಹಿಟ್ಟು ಇದೆ. ಯಾವ ಕಾರಣಕ್ಕೂ ಹಚ್ಚಕೂಡದು.’ ಪತ್ರಕ್ಕೆ ಸಂಖ್ಯೆ ನೀಡಿ, ಸಹಿ ಹಾಕಿ, ಎರಡು ಕಡೆ ಮೊಹರು ಒತ್ತಿ, ಕಡತದಲ್ಲಿ ಭದ್ರವಾಗಿ ಇಡಲಾಯಿತು. ಓವನ್ನಿನ ಬಾಗಿಲಿಗೆ ಅಂಟಿಸಬೇಕಿತ್ತು ಎಂಬ ಅಂಶ ಯಾರಿಗೂ ಹೊಳೆಯಲಿಲ್ಲ.

4. ಭಾನುವಾರ ಬೆಳಿಗ್ಗೆ, ಯಜಮಾನಿಯವರು ಬರುವಷ್ಟರಲ್ಲಿ ತಾನೂ ಒಂದು ಚಿಯಾಬಟ್ಟಾ ಮಾಡಿ ಅವರನ್ನು ಬೆರಗುಗೊಳಿಸಬೇಕೆಂಬ ಆಸೆ ಅಧೀಕ್ಷಕರಲ್ಲಿ ಉದ್ಭವಿಸಿತು. ಚಿಯಾಬಟ್ಟಾ ಎಂದರೆ ಇಟಲಿಯವರ ಮಾತಿನಲ್ಲಿ ಚಪ್ಪಲಿ. ಹಾಗೆಯೇ ಚಪ್ಪಟೆಯಾಗಿ, ಉದ್ದವಾಗಿ, ಒಳಗೆಲ್ಲ ತೂತಾಗಿ ಇರುತ್ತದೆ. ಪುಸ್ತಕದ ಮೊದಲನೇ ಸಾಲಿನಲ್ಲಿ ‘ಓವನ್ನನ್ನು ಚೆನ್ನಾಗಿ ಕಾಯಿಸಿ’ ಎಂದಿತ್ತು. ಹಿಟ್ಟು ಕಲಸಿ ಒಂದು ರಾತ್ರಿ ಬಿಡಬೇಕೆಂಬುದು ಐದನೇ ಸಾಲಿನಲ್ಲಿತ್ತು. ಕ್ರಮಸಂಖ್ಯೆ ಮೀರಿ ಅಧೀಕ್ಷಕರಿಗೆ ಅಭ್ಯಾಸವಿಲ್ಲ.

5. ಹೀಗಾಗಿ ಓವನ್ ಹಚ್ಚಲ್ಪಟ್ಟಿತು. ಯಾರಿಂದ ಹಚ್ಚಲ್ಪಟ್ಟಿತು ಎಂಬ ಬಗ್ಗೆ ತನಿಖೆ ನಡೆದಿದೆ. ಆ ವೇಳೆಯಲ್ಲಿ ಮನೆಯೊಳಗೆ ಅಧೀಕ್ಷಕರೊಬ್ಬರೇ ಇದ್ದುದರಿಂದ ತನಿಖೆ ಬಹಳ ಜಟಿಲವಾಗಿದೆ. ಮಹಜರಿನ ಸಾರಾಂಶ: ಭರಣಿ ಎರಡು ಹೋಳು. ಒಳಗಿನ ಪದಾರ್ಥ ಇಟ್ಟಿಗೆಯಂತೆ ಗಟ್ಟಿ, ಬಡಿದರೆ ಟಣ್ ಎನ್ನುತ್ತದೆ. ಬಣ್ಣ ಮಾತ್ರ ಪುಸ್ತಕದ ಚಿತ್ರದಲ್ಲಿರುವಂತೆ ಹೊಂಬಣ್ಣ. ಜೀವ ಇಲ್ಲ.

6. ಇದೊಂದು ಮುಷ್ಟಿ ಮೈದಾದ ವಿಷಯ, ಇದಕ್ಕೇಕೆ ಇಷ್ಟು ರಂಪ ಎಂದು ಯಾರಾದರೂ ಕೇಳಬಹುದು. ಅಧೀಕ್ಷಕರೂ ಮೊದಲ ಅರ್ಧ ಗಂಟೆ ತಮ್ಮಷ್ಟಕ್ಕೆ ತಾವು ಹಾಗೆಯೇ ಹೇಳಿಕೊಂಡರು. ಆಮೇಲೆ ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟರು. ಕಡತಕ್ಕಾಗಿ ವಾಸ್ತವಾಂಶಗಳನ್ನು ಇಲ್ಲಿ ನಮೂದಿಸಲಾಗಿದೆ. ಯಜಮಾನಿಯವರು ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದರು. ಇಡೀ ಊರಿನ ಮಾತು ಅವರ ಕಿವಿಯ ಮೂಲಕವೇ ಹಾಯ್ದು ಹೋಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಕರೆ ಜೋಡಿಸುವ ಆ ಬೋರ್ಡನ್ನು ಕಿತ್ತು, ಅವರನ್ನು ಮನೆಗೆ ಕಳುಹಿಸಲಾಯಿತು. ಆಗ ಮನೆಯಲ್ಲಿ ಅವರೊಡನೆ ಮಾತಾಡಲು ಯಾರೂ ಇರಲಿಲ್ಲ. ಅಧೀಕ್ಷಕರು ಕಚೇರಿಯಿಂದ ಬಂದು ಪೇಪರ್ ಓದುತ್ತಿದ್ದರು. ಆ ವಾರವೇ ಯಜಮಾನಿಯವರು ಹಳೆಯ ಪುಸ್ತಕವೊಂದನ್ನು ನೋಡಿಕೊಂಡು ಈ ಹಿಟ್ಟನ್ನು ಕಲಸಿಟ್ಟರು. ಮೂರನೇ ದಿನ ಅದು ಗುಳುಗುಳು ಎಂದಾಗ ಭರಣಿಗೆ ಕಿವಿಯಿಟ್ಟು ಕೇಳಿ, “ಬನ್ರೀ ಇಲ್ಲಿ, ಲೈನ್ ಸಿಕ್ತು!” ಎಂದು ಕೂಗಿದರು. ಅಧೀಕ್ಷಕರು ಎದ್ದು ಹೋಗಲಿಲ್ಲ. ಅಂದಿನಿಂದ ದಿನವೂ ತೆಗೆದ ಅರ್ಧ ಹಿಟ್ಟಿನ ನೆಪದಲ್ಲಿ ಜನ ಈ ಬಾಗಿಲು ತಟ್ಟಿ, ಒಂದು ಗಳಿಗೆ ನಿಂತು ಮಾತಾಡಿ ಹೋಗುತ್ತಿದ್ದರು. ಸುತ್ತೋಲೆ 7ರ ಮೂಲಕ ನಿಲ್ಲಿಸಲ್ಪಟ್ಟದ್ದು ಇದು.

7. ಸೋಮವಾರ ಬೆಳಿಗ್ಗೆ ಅಧೀಕ್ಷಕರು ನರ್ಸಮ್ಮನವರಲ್ಲಿ, ಮೇಷ್ಟ್ರಲ್ಲಿ ಹಾಗೂ ತಂಗಿಯಲ್ಲಿ ಒಂದೊಂದು ಚಮಚ ಹಿಟ್ಟನ್ನು ಲಿಖಿತವಾಗಿ ಕೋರಿದರು. ಮೂವರೂ ಸುತ್ತೋಲೆ 7ನ್ನು ತಪ್ಪದೆ ಪಾಲಿಸಿದ್ದರಿಂದ ಯಾರಲ್ಲೂ ಒಂದು ಸಾಸಿವೆಯಷ್ಟೂ ಉಳಿದಿರಲಿಲ್ಲ. ಸದರಿ ಮೂವರ ವಿಧೇಯತೆಯನ್ನು ಇಲಾಖೆ ತೀವ್ರವಾಗಿ ಖಂಡಿಸುತ್ತದೆ. ತಂಗಿಯವರ ಹೆಚ್ಚುವರಿ ಹೇಳಿಕೆ: “ಮಾಡಿದ್ದುಣ್ಣೋ ಮಹರಾಯ. ಅತ್ತಿಗೆ ಬರ್ಲಿ, ಇದೆ ನಿಂಗೆ.”

8. ಉಳಿದವರು ದರ್ಜಿ. ಯಜಮಾನಿಯವರನ್ನು ಬಾಯಿತುಂಬ ಅಕ್ಕ ಎನ್ನುವ, ಕಾಗದದ ಭಾಷೆಗೆ ಬಗ್ಗದ ಆಸಾಮಿ. ಸೋಮವಾರ ಸಂಜೆ ಮೆಟ್ಟಿಲ ಬಳಿ ನಿಂತು ಅವರು ಮೇಲಕ್ಕೆ ಕೂಗಿ ನೀಡಿದ ಹೇಳಿಕೆಯ ನಕಲು: “ಭಾವಾ, ಅಕ್ಕ ಕೊಟ್ಟಿದ್ದನ್ನ ನೀವು ಕೇಳಿದ್ರೆ ನಾನ್ಯಾಕೆ ಕೊಡ್ಲಿ? ಹಿಟ್ಟು ನನ್ ಹತ್ರ ಗಟ್ಟಿಮುಟ್ಟಾಗಿದೆ. ನಿಮ್ಮ ಕಾಗದ ಒಳ್ಳೇ ದಪ್ಪ ಇತ್ತು, ಕಾಲರಿನ ಅಚ್ಚಿಗೆ ಕತ್ತರಿಸ್ಕೊಂಡೆ. ಹಿಟ್ಟು ಬೇಕಂದ್ರೆ ಇನ್ನೊಂದು ಕಾಗದ ಕಳಿಸ್ಬೇಡಿ. ಇಳಿದು ಬಂದು ಬಾಯಲ್ಲಿ ಕೇಳಿ.”

9. ತದನಂತರ ಅಧೀಕ್ಷಕರ ನೆಲಮಹಡಿ ಪ್ರವಾಸಕ್ಕೆ ಅಧೀಕ್ಷಕರಿಂದಲೇ ಮಂಜೂರಾತಿ ಪಡೆದು, ಇಂದು ಬೆಳಿಗ್ಗೆ ಹತ್ತೂವರೆಗೆ ಐವತ್ತನಾಲ್ಕು ಮೆಟ್ಟಿಲುಗಳನ್ನು ಇಳಿಯಲಾಯಿತು. ಹನ್ನೊಂದು ವರ್ಷಗಳಲ್ಲಿ ದರ್ಜಿಯ ಅಂಗಡಿಯೊಳಗೆ ಅವರು ಕಾಲಿಟ್ಟದ್ದು ಇದೇ ಮೊದಲು. ಇಸ್ತ್ರಿಪೆಟ್ಟಿಗೆಯ ಪಕ್ಕ, ದಾರದುಂಡೆಗಳ ನಡುವೆ, ಹಳೆಯ ಗುಂಡಿ ಡಬ್ಬಿಯೊಂದರಲ್ಲಿ ತಾಯಿಹಿಟ್ಟು ಮುಚ್ಚಳವನ್ನು ಎತ್ತಿ ಹಾಕುವಷ್ಟು ಉಬ್ಬಿ ನಿಂತಿತ್ತು. ಓವನ್ ಇಲ್ಲದ ಈ ಮನುಷ್ಯ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಸವರಿ, ಮುಚ್ಚಿ, ಬ್ರೆಡ್ ಮಾಡಿ ತಿನ್ನುತ್ತಿದ್ದಾರೆಂದೂ, ಅದು ಬಹಳ ರುಚಿಯಾಗಿದೆಯೆಂದೂ ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಎರಡು ತುಂಡು ಪರಿಶೀಲಿಸಲಾಯಿತು.

10. ಓವನ್ ‘ಹಚ್ಚಲ್ಪಟ್ಟ’ ಸಂಗತಿ ತಿಳಿಸಿ ಅಧೀಕ್ಷಕರು ಬಾಯಲ್ಲಿ ಕೇಳಿದರು. ಮೊದಲನೇ ಸಲ ‘ಈ ಮೂಲಕ ಕೋರಲಾಗಿದೆ’ ಎಂದು ಬಂದದ್ದರಿಂದ ಎರಡು ಸಲ ಕೇಳಬೇಕಾಯಿತು. ದರ್ಜಿಯವರು ಒಂದು ಚಮಚ ಹಿಟ್ಟು ತೆಗೆದುಕೊಡುತ್ತಾ ವಿಧಿಸಿದ ಏಕೈಕ ಷರತ್ತು: “ಹೊಸ ಭರಣೀಲಿ ಹಾಕಿ ಅಕ್ಕಂಗೆ ಹಳೇದೇ ಅಂತ ದಾಟಿಸ್ಬೇಡಿ ಭಾವ. ಓವನ್ ಹಚ್ಚಿದ್ದು ಯಾರು ಅಂತ ನೀವೇ ಹೇಳ್ಬೇಕು.” ದಾಟಿಸುವ ಯೋಜನೆ ಇಲಾಖೆಯ ಮುಂದೆ ಇರಲೇ ಇಲ್ಲ. ಹೊಸ ಭರಣಿಯನ್ನು ಬೆಳಿಗ್ಗೆ ಒಂಬತ್ತಕ್ಕೇ ತಂದಿಟ್ಟಿದ್ದು ಕಾಕತಾಳೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಧೀಕ್ಷಕರು ಆ ಮಾತಿಗೆ ಬೆವರಿದ್ದು ಮೆಟ್ಟಿಲ ಆಯಾಸದಿಂದ.

11. ಸೇವಾ ಹಿರಿತನದ ಪ್ರಶ್ನೆ: ದರ್ಜಿಯಿಂದ ಬಂದ ಹಿಟ್ಟನ್ನು ಹೊಸ ನೇಮಕಾತಿ ಎಂದು ಭಾವಿಸಬೇಕೇ, ಹಳೆಯ ಹಿಟ್ಟಿನ ಮುಂದುವರಿಕೆ ಎಂದೇ? ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಹಿಟ್ಟು ಮೂಲ ಭರಣಿಯಿಂದಲೇ ನಿಯೋಜನೆಯ ಮೇಲೆ ಕೆಳಮಹಡಿಗೆ ತೆರಳಿದ್ದು, ಈಗ ಮಾತೃ ಇಲಾಖೆಗೆ ಮರಳಿದೆ ಎಂದು ತೀರ್ಮಾನಿಸಲಾಗಿದೆ. ಹನ್ನೊಂದು ವರ್ಷಗಳ ಸೇವೆ ಅಬಾಧಿತ. ಭಾನುವಾರದಿಂದ ಮಂಗಳವಾರದವರೆಗಿನ ಸೇವಾಭಂಗದ ಅವಧಿಯನ್ನು ಮನ್ನಿಸುವ ಅಧಿಕಾರ ಯಜಮಾನಿಯವರೊಬ್ಬರಿಗೇ ಇದೆ.

12. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲಾಖೆಗೂ ಗೊತ್ತಿದೆ. ಆದಾಗ್ಯೂ ತಕ್ಷಣದಿಂದ ಜಾರಿಗೆ ಬರುವಂತೆ:

(ಅ) ಸುತ್ತೋಲೆ 7ನ್ನು ಹಿಂಪಡೆದು, ಅದನ್ನು ಪಾಲಿಸದ ದರ್ಜಿಯವರನ್ನು ಕೃತಜ್ಞತಾಪೂರ್ವಕವಾಗಿ ಕ್ಷಮಿಸಲಾಗಿದೆ. ದರ್ಜಿಯವರ ಬಳಿ ಕಾಲರಿನ ಆಕಾರದಲ್ಲಿರುವ ಪ್ರತಿಯನ್ನು ಅವರೇ ಇಟ್ಟುಕೊಳ್ಳಬಹುದು.

(ಆ) ಓವನ್ ಹಚ್ಚುವ ಮುನ್ನ ಬಾಗಿಲು ತೆರೆದು, ಬಗ್ಗಿ ನೋಡಿ, “ಒಳಗೆ ಯಾರಿದ್ದೀರಿ?” ಎಂದು ಮೂರು ಬಾರಿ ಗಟ್ಟಿಯಾಗಿ ಕೂಗತಕ್ಕದ್ದು. ಉತ್ತರ ಬಂದರೆ ಹಚ್ಚಕೂಡದು. ಉತ್ತರ ಬಾರದಿದ್ದರೂ ಇನ್ನೊಮ್ಮೆ ನೋಡತಕ್ಕದ್ದು.

(ಇ) ಎಚ್ಚರಿಕೆ ಪತ್ರಗಳನ್ನು ಇನ್ನು ಮುಂದೆ ಎಚ್ಚರಿಕೆ ಬೇಕಾದ ಜಾಗದಲ್ಲೇ ಅಂಟಿಸತಕ್ಕದ್ದು. ಇದು ಮೂವತ್ತನಾಲ್ಕು ವರ್ಷಗಳ ಪದ್ಧತಿಗೆ ವಿರುದ್ಧವಾಗಿದ್ದರೂ, ವಿಶೇಷ ಪ್ರಕರಣವೆಂದು ಒಪ್ಪಲಾಗಿದೆ.

(ಈ) ಗುರುವಾರದವರೆಗೆ ಹಿಟ್ಟಿನ ಎದುರು ಕೆಮ್ಮುವುದು, ನಿಟ್ಟುಸಿರು ಬಿಡುವುದು, ‘ಉಬ್ಬಿತಾ?’ ಎಂದು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆರೆಯುವುದು ನಿಷಿದ್ಧ. ಈ ನಿಯಮವನ್ನು ಅಧೀಕ್ಷಕರು ಈಗಾಗಲೇ ಹದಿನಾಲ್ಕು ಬಾರಿ ಉಲ್ಲಂಘಿಸಿದ್ದಾರೆ.

(ಉ) ಬ್ರೆಡ್ಡಿನೊಳಗಿನ ತೂತುಗಳನ್ನು ನಷ್ಟವೆಂದು ಭಾವಿಸತಕ್ಕದ್ದಲ್ಲ. ಅವು ಇರಬೇಕಾದ್ದೇ ಹಾಗೆ.

(ಊ) ದಿನವೂ ತೆಗೆದ ಅರ್ಧವನ್ನು ಕೇಳಿದವರಿಗೆಲ್ಲ, ಸಹಿ ಇಲ್ಲದೆ, ಕೊಡತಕ್ಕದ್ದು. ಕೊಡುವಾಗ ಬಾಗಿಲಲ್ಲಿ ನಿಂತು ಕನಿಷ್ಠ ಎರಡು ಮಾತಾದರೂ ಆಡತಕ್ಕದ್ದು. ಏನು ಮಾತಾಡಬೇಕೆಂದು ಅಧೀಕ್ಷಕರಿಗೆ ತೋಚದಿದ್ದಲ್ಲಿ, ಹವಾಮಾನದ ಬಗ್ಗೆ ಒಂದು ಮಾದರಿ ನಮೂನೆಯನ್ನು ಲಗತ್ತಿಸಲಾಗಿದೆ.

13. ಇಂದು ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಹೊಸ ಭರಣಿಯಲ್ಲಿ ಮೊದಲ ಗುಳ್ಳೆ ಕಾಣಿಸಿಕೊಂಡಿದೆ. ಅಧೀಕ್ಷಕರು ಬಗ್ಗಿ ಭರಣಿಗೆ ಕಿವಿಯಿಟ್ಟರು. ಕೇಳಿಸಿತು. ಆ ಕ್ಷಣದಲ್ಲಿ ಪಕ್ಕದಲ್ಲಿ ಕೂಗಿ ಕರೆಯಲು ಯಾರೂ ಇರಲಿಲ್ಲವೆಂಬುದನ್ನು ಖೇದದಿಂದ ದಾಖಲಿಸಲಾಗಿದೆ.

14. ಕಂಡಿಕೆ 10ರ ಷರತ್ತಿನ ಪಾಲನೆ ಮಾತ್ರ ಬಾಕಿ ಇದೆ. ಅದಕ್ಕೆ ಸೂಕ್ತ ಒಕ್ಕಣೆ ಇಲಾಖೆಯ ಯಾವ ಕೈಪಿಡಿಯಲ್ಲೂ ದೊರೆತಿಲ್ಲ.

(ಸಹಿ)
ಅಧೀಕ್ಷಕರು (ನಿವೃತ್ತ)
ಅಡುಗೆಮನೆ ಆಡಳಿತ ಇಲಾಖೆ

ಪ್ರತಿಗಳು:
1. ನರ್ಸಮ್ಮನವರಿಗೆ, ಖಾಲಿ ಡಬ್ಬಿಯೊಂದಿಗೆ ಶುಕ್ರವಾರ ಬರುವಂತೆ ಕೋರಿ.
2. ಪಿಟೀಲು ಮೇಷ್ಟ್ರಿಗೆ, ಅದೇ ಕೋರಿಕೆ. ಉತ್ತರವನ್ನು ದಯವಿಟ್ಟು ಬಾಯಲ್ಲಿ ನೀಡುವುದು.
3. ತಂಗಿಗೆ, ಅತ್ತಿಗೆಗಿಂತ ಮೊದಲು ಬಾಯಿ ಬಿಡಬಾರದೆಂಬ ವಿನಂತಿಯೊಂದಿಗೆ.
4. ಕೊಳಾಯಿ ರಿಪೇರಿಯವರಿಗೆ, ಮಾಹಿತಿಗಾಗಿ. ಸಿಂಕು ಇನ್ನೂ ಸರಿಹೋಗಿಲ್ಲ.
5. ದರ್ಜಿಯವರಿಗೆ, ತೆಳ್ಳನೆಯ ಕಾಗದದಲ್ಲಿ.
6. ಯಜಮಾನಿಯವರಿಗೆ, ಟೈಪು ಮಾಡದೆ, ಕೈಬರಹದಲ್ಲಿ:

ಓವನ್ ಹಚ್ಚಿದ್ದು ನಾನೇ ಕಣೇ. ಎಲ್ರ ಹಿಟ್ಟು ಕಿತ್ಕೊಂಡು ಬಂದಿದ್ದೂ ನಾನೇ. ಎಷ್ಟು ಬೇಕಾದ್ರೂ ಬಯ್ಯಿ, ಮಾತು ಮಾತ್ರ ಬಿಡ್ಬೇಡ.