ಐದು ಮೂವ್ ಬಾಕಿ ಇದ್ದಾಗ ಬಂದ ಬೀಗರು

ಮನುಷ್ಯನಿಗೆ ಒಂದಾದರೂ ಗುಟ್ಟಿನ ಚಟ ಇರಲಿ, ಆದರೆ ಅದು ಅಂಗೈಗಿಂತ ಅಗಲವಾಗಬಾರದು ಎಂಬುದು ಈಚೆಗೆ ನನಗಾದ ಜ್ಞಾನೋದಯ. ನನ್ನ ಚಟ ಮೊಬೈಲಿನ ಹಣ್ಣಿನಾಟ. ಒಂದೇ ಜಾತಿಯ ಮೂರು ಹಣ್ಣುಗಳನ್ನು ಸಾಲಾಗಿ ಕೂಡಿಸಿದರೆ ಅವು ಪಟ್ಟನೆ ಒಡೆದು ಮಾಯವಾಗುತ್ತವೆ, ಮೇಲಿಂದ ಬೇರೆ ಹಣ್ಣು ಬೀಳುತ್ತವೆ, ಅಷ್ಟೆ. ಇದರಿಂದ ಬುದ್ಧಿ ಬೆಳೆಯುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನು ಮೊಬೈಲಿನ ಕೆಡುಕುಗಳ ಬಗ್ಗೆ ಮಕ್ಕಳಿಗೆ ಅರ್ಧ ಗಂಟೆ ಭಾಷಣ ಬಿಗಿದು, ಸ್ಟಾಫ್ ರೂಮಿನ ಬೀರುವಿನ ಮರೆಯಲ್ಲಿ ನಿಂತು ನಾಲ್ಕು ದ್ರಾಕ್ಷಿ ಗೊಂಚಲು ಒಡೆದು ಬರುತ್ತಿದ್ದೆ. ನೆಂಟರಿಗೆ ಹಂಪಿ ತೋರಿಸಲು ಹೋದಾಗಲೂ ಅವರನ್ನು ಬಿಸಿಲಿಗೆ ಬಿಟ್ಟು ನಾನು ಕಲ್ಲುಮಂಟಪದ ನೆರಳು ಹಿಡಿದು ಮೊಬೈಲಿಗೆ ತಲೆ ಬಗ್ಗಿಸಿ ಕೂತಿದ್ದೆ. "ಮಾವಾರು ನೋಡ್ರಿ, ಇಷ್ಟು ಸಲ ಬಂದ್ರೂ ಇನ್ನೂ ಇತಿಹಾಸ ಓದಾಕತ್ತಾರ" ಎಂದು ನೆಂಟರ ಹುಡುಗಿ ಮೆಚ್ಚಿಕೊಂಡಳು. ಆಟದಲ್ಲಿ ಸೋತು ಸೋತು ಜೀವಗಳು ತೀರಿದರೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಗೆಳೆಯರಿಂದ ಜೀವ ಕೇಳಬೇಕು. ಒಮ್ಮೆ ಬೆರಳು ಜಾರಿ 'ನನಗೊಂದು ಜೀವ ಕೊಡಿ' ಎಂಬ ಸಂದೇಶ ನಮ್ಮ ಹೆಡ್‌ಮಾಸ್ತರರಿಗೆ ಹೋಯಿತು. ಅವರು ಗಾಬರಿಯಿಂದ ಕ್ಲಾಸಿಗೇ ಓಡಿ ಬಂದು, "ಸರ, ಆರಾಮ ಅದೀರಿಲ್ಲೋ? ದವಾಖಾನಿಗೆ ಹೋಗೂಣೇನ್ರಿ?" ಎಂದರು.

ಇಷ್ಟಾದರೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದೆ. ಕುರೆಕುಪ್ಪದ ಕಡೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿರುವ ಮಗಳು ಸಹನಾ ಒಂದು ಶನಿವಾರ ಕರಿಯ ಡಬ್ಬಿಯೊಂದನ್ನು ತಂದು ಟಿವಿಗೆ ಜೋಡಿಸಿದಳು. ಗೇಮ್ ಕನ್ಸೋಲ್ ಅಂತೆ. ಕಾರು ಓಡಿಸುವುದೋ ಗುಂಡು ಹಾರಿಸುವುದೋ ಇರಬೇಕೆಂದು ಪೇಪರು ಅಡ್ಡ ಹಿಡಿದು ಕೂತೆ. "ಅಪ್ಪಾ, ಬಚ್ಚಲದಾಗ ಕುಂತು ಎಷ್ಟು ದಿನಾ ಅಂತ ಆಡ್ತಿ? ನಿನ್ನ ಹಣ್ಣಿನಾಟ ಈಗ ಇದರಾಗೂ ಬಂದೈತಿ. ಹೊರಗ ಬಾ, ಸೋಫಾದ ಮ್ಯಾಲ ಕುಂತು ಆಡು" ಎಂದಳು. ಹೆಂಡತಿ ಗಿರಿಜಾ ಅಡುಗೆಮನೆಯಿಂದಲೇ, "ಇನ್ನ ಮ್ಯಾಲರ ಬಚ್ಚಲಾ ಖಾಲಿ ಇರ್ತೈತಿ" ಎಂದಳು.

ಟಿವಿಯ ಮೇಲೆ ನನ್ನ ಹಣ್ಣುಗಳನ್ನು ನೋಡಿ ಕಣ್ಣು ತುಂಬಿ ಬಂತು. ಒಂದೊಂದು ಕಿತ್ತಳೆ ಕುಂಬಳಕಾಯಿಯಷ್ಟು! ಆದರೆ ಇಲ್ಲಿ ಬೆರಳಿಂದ ಮುಟ್ಟುವಂತಿಲ್ಲ. ಕಂಟ್ರೋಲರ್ ಎಂಬುದರ ಪುಟ್ಟ ಗುಬುಟನ್ನು ಹೆಬ್ಬೆರಳಲ್ಲಿ ತಿರುಗಿಸಬೇಕು. ನಾನು ಎಡಕ್ಕೆ ತಿರುಗಿಸುವಾಗ ಮೈಯೆಲ್ಲ ಎಡಕ್ಕೆ ವಾಲುತ್ತಿತ್ತು. ಇನ್ನೊಂದು ತೊಡಕೆಂದರೆ, ಮೊಬೈಲಿನಲ್ಲಿ ನಡುನಡುವೆ ಜಾಹೀರಾತುಗಳು ಬರುತ್ತಿದ್ದವು. ನಾನು ನೀರು ಕುಡಿಯುತ್ತಿದ್ದುದು, ಸ್ನಾನಕ್ಕೆ ಏಳುತ್ತಿದ್ದುದು ಅವುಗಳ ಕೃಪೆಯಿಂದಲೇ. ಈ ಡಬ್ಬಿಯಲ್ಲಿ ಜಾಹೀರಾತೂ ಇಲ್ಲ, ಜೀವ ತೀರುವುದೂ ಇಲ್ಲ. ಏಳು ಎಂದು ಹೇಳುವವರೇ ಇಲ್ಲ.

ಹಾಗಾಗಿಯೇ ಮುಂದಿನ ಭಾನುವಾರ ಆ ಎಡವಟ್ಟಾಯಿತು. ಸಂಡೂರಿನಿಂದ ಸಹನಾಳನ್ನು ಕೇಳಲು ಬರುವವರಿದ್ದರು. ಹುಡುಗ ಕಿರಣ ಅವಳ ಜೊತೆಗೇ ಕೆಲಸ ಮಾಡುವವನು. ಇಬ್ಬರೂ ಒಪ್ಪಿ ಆಗಿತ್ತು, ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಬೇಗ ಮದುವೆಯಾಗು ಎಂದು ಎರಡು ವರ್ಷದಿಂದ ಅವಳ ಬೆನ್ನು ಬಿದ್ದಿದ್ದವನು ನಾನೇ. "ನಾಲ್ಕು ಗಂಟಿಗೆ ಬರ್ತಾರ, ಅಂಗಿ ಹಾಕ್ಕೋರಿ" ಎಂದು ಗಿರಿಜಾ ಮೂರು ಸಲ ಹೇಳಿದ್ದು ನೆನಪಿದೆ. ನಾಲ್ಕಾದದ್ದು ಗೊತ್ತಾಗಲಿಲ್ಲ. ಐದು ಮೂವ್ ಉಳಿದಿತ್ತು, ಎಂದರೆ ಇನ್ನು ಐದೇ ಸಲ ಹಣ್ಣು ಸರಿಸಬಹುದು; ಒಂದು ದ್ರಾಕ್ಷಿ ಬಿದ್ದರೆ ಸಾಕು, ಗೆದ್ದೆ. ನಾನು ಬನಿಯನ್ನಿನಲ್ಲಿ ಸೋಫಾದ ಮೇಲೆ ಮೊಣಕಾಲೂರಿ, "ಬಾರಲೇ! ಎಷ್ಟೊತ್ತಿಂದ ಕಾಯಾಕತ್ತೀನಿ, ಬಾರಲೇ ಮಗನ!" ಎಂದು ಕೂಗಿದೆ.

"ಬಂದ್ವಿ, ಬಂದ್ವಿ. ದಾರ್ಯಾಗ ಅದಿರಿನ ಲಾರಿ ಭಾಳ ಇದ್ವು, ತಡಾ ಆತ್ರಿ" ಎಂದಿತು ಬಾಗಿಲಲ್ಲೊಂದು ದನಿ.

ಕಿರಣನ ತಂದೆ ವೀರಭದ್ರಪ್ಪ. ಗಣಿ ಆಫೀಸಿನಿಂದ ನಿವೃತ್ತರು, ಬಿಳಿ ಮೀಸೆ, ಇಸ್ತ್ರಿ ಮಾಡಿದ ಪಂಚೆ. ಹಿಂದೆ ಅವರ ಹೆಂಡತಿ, ಅವರ ಹಿಂದೆ ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡ ಕಿರಣ. ಸಹನಾ ಹಣೆ ಹಣೆ ಚಚ್ಚಿಕೊಂಡಳು. ಮಗಳ ಸಂಬಂಧ ನನ್ನಿಂದಲೇ ಮುರಿಯಿತು ಎಂದುಕೊಳ್ಳುತ್ತಾ ದಿಂಬು ಎಳೆದು ಬನಿಯನ್ನಿಗೆ ಅಡ್ಡ ಹಿಡಿದೆ. ವೀರಭದ್ರಪ್ಪನವರು ನನ್ನನ್ನು ನೋಡಲಿಲ್ಲ. ಹುಬ್ಬು ಗಂಟಿಕ್ಕಿ ಟಿವಿಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಸರ, ಮೂಲ್ಯಾಗ ಬಾಂಬ್ ಇಟ್ಕೊಂಡು ದ್ರಾಕ್ಷಿ ಯಾಕ ಕಾಯ್ತೀರಿ? ಒಡೀರಿ ಅದನ್ನ" ಎಂದರು.

ಒಡೆದೆ. ಇಡೀ ಪರದೆ ಪಟಪಟನೆ ಸಿಡಿದು ನಕ್ಷತ್ರ ಉದುರಿದವು. ನಾವಿಬ್ಬರೂ ಒಟ್ಟಿಗೇ "ಹೋ!" ಎಂದು ಕೂಗಿ ಕೈಕೈ ಹಿಡಿದುಕೊಂಡೆವು. "ನಾ ಇದನ್ನ ಮೊಬೈಲ್‌ನಾಗ ಮೂರು ವರ್ಷದಿಂದ ಆಡಾಕತ್ತೀನ್ರಿ. ಟಿವಿದಾಗ ಬರ್ತೈತಂತ ಯಾರೂ ಹೇಳಲೇ ಇಲ್ಲ" ಎನ್ನುತ್ತಾ ಅವರು ಪಂಚೆ ಎತ್ತಿಕಟ್ಟಿ ನನ್ನ ಪಕ್ಕ ಕೂತರು. ಡಬ್ಬಿಗೆ ಕಂಟ್ರೋಲರ್ ಎರಡಿದ್ದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಗಿರಿಜಾ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ನಾವು ಎಡಗೈಯಲ್ಲಿ ತಿಂದು ಬಲಗೈಯಲ್ಲಿ ಆಡಿದೆವು. ಉಳಿದವರು ಒಳಗೆ ಕೂತು ನಿಶ್ಚಯ, ಛತ್ರ, ಊಟ ಎಲ್ಲ ಮಾತಾಡಿ ಮುಗಿಸಿದರು. ಗಿರಿಜಾ ಬಂದು, "ಗಂಡಸ್ರದು ಏನರ ಹೇಳೂದೈತೇನು?" ಎಂದಾಗ ಇಬ್ಬರೂ ತಿರುಗದೆಯೇ, "ಇನ್ನೊಂದ ಲೆವೆಲ್" ಎಂದೆವು.

ಹೊರಡುವಾಗ ಕಿರಣನ ತಾಯಿ, "ಹಂಗಾರ ಎರಡು ತಿಂಗಳದಾಗ ಮದುವಿ ಮುಗಿಸಿಬಿಡೂಣ್ರಿ" ಎಂದರು. ನಾನು ಸಂತೋಷದಿಂದ ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ವೀರಭದ್ರಪ್ಪನವರು ಡಬ್ಬಿಯ ಮೇಲೆ ಕೈಯಾಡಿಸಿ, "ಇದು ನಿಂದಽ ಅಲ್ಲೇನವಾ ಸಹನಾ? ನಿನ್ನ ಜೊತಿಗೇ ಬರ್ತೈತಿಲ್ಲ?" ಎಂದು ಕೇಳಿದರು. ಮಗಳು ನಗುತ್ತಾ, "ಹೂಂ ಮಾವಾರ" ಎಂದುಬಿಟ್ಟಳು.

"ಅಷ್ಟು ಅವಸರ ಯಾಕ್ರಿ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇನ್ನೊಂದ ವರ್ಷ ಹೋಗ್ಲಿ. ಮನೀ ಬಿಕೋ ಅಂತೈತಿ."

ಕಿರಣನ ತಾಯಿ ಸೆರಗಿನಿಂದ ಕಣ್ಣೊತ್ತಿಕೊಂಡು, "ಮಗಳ ಮ್ಯಾಲ ಎಂಥಾ ಜೀವ ನೋಡ್ರಿ" ಎಂದರು. ಗಿರಿಜಾ ನನ್ನನ್ನೇ ದಿಟ್ಟಿಸಿ ನೋಡಿದಳು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅದನ್ನೂ ಬೀಗರು ದುಃಖವೆಂದೇ ತಿಳಿದು, ಕಳಿಸಲು ಹೊರಟ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಸಮಾಧಾನ ಮಾಡುತ್ತಾ ಹೋದರು.