ವಿಮಾನದ ಮೂತಿಗೆ ನೀರು ಸೋಸುವ ಅರಿವೆ

ಫಿಸಿಕ್ಸ್ ನನಗೆ ಹೊಸದಲ್ಲ. ಕಾನ್ವೆಂಟಿನಲ್ಲಿ ಹೀಟ್ ಪಾಠಕ್ಕೆ ಸಿಸ್ಟರ್ ಕೈಯಿಂದ 'ವೆರಿ ಗುಡ್' ಬರೆಸಿಕೊಂಡವಳು ನಾನು! ಬಿ.ಎಸ್‌ಸಿ. ಸೀಟೂ ಸಿಕ್ಕಿತ್ತು. ಅದೇ ವಾರ ಕಾಗವಾಡದ ವರನೂ ಸಿಕ್ಕಿದ. ಹೀಗಾಗಿ ಮೊಮ್ಮಗಳು ತ್ರಿಶಲಾ ಕಾಲೇಜಿನಲ್ಲಿ ಹೈಬ್ರಿಡ್ ವಿಮಾನ ಮಾಡುತ್ತಿದ್ದಾಳೆಂದು ತಿಳಿದಾಗ, ಟೆಕ್ನಿಕಲ್ ಅಡ್ವೈಸರ್ ಹುದ್ದೆಯನ್ನು ನಾನೇ ವಹಿಸಿಕೊಂಡೆ.

ವಿಮಾನ ಮಂಚದಷ್ಟು ಉದ್ದ, ಪೈಲಟ್ ಇಲ್ಲ. ಒಳಗೆ ಪೆಟ್ರೋಲ್ ಇಂಜಿನ್ನೂ ಉಂಟು, ಬ್ಯಾಟರಿಯೂ ಉಂಟು.

"ಇಂಜಿನ್ ಕಾದ್ರೂ ತಡಕೊಂತೈತಿ, ಅಜ್ಜಿ. ಬ್ಯಾಟರಿ ಭಾಳ ನಾಜೂಕ. ಇಬ್ಬರನ್ನೂ ಒಂದ ಮನ್ಯಾಗ ತಣ್ಣಗ ಇಡೂದ ನನ್ನ ಕೆಲಸ."

"ನಾ ನಿಮ್ಮ ಅಜ್ಜನ್ನ, ನಮ್ಮ ಅತ್ತಿನ್ನ ಇಟ್ಟಂಗ!" ಎಂದೆ.

ಸಣ್ಣ ಕೊಳವೆಗಳಲ್ಲಿ ಹರಿಯುವ ನೀರು ಒಳಗಿನ ಬಿಸಿಯನ್ನು ಹೊತ್ತು ತರುತ್ತದೆ. ಮೂತಿಯ ಕಿಂಡಿಯಿಂದ ನುಗ್ಗುವ ಗಾಳಿ ಆ ನೀರನ್ನು ತಣಿಸುತ್ತದೆ. ವಾಟ್ ಎ ಬ್ಯೂಟಿಫುಲ್ ಥಿಂಗ್!

ಹಾರೂಗೇರಿ ಹತ್ತಿರ, ಕಟಾವಾದ ಕಬ್ಬಿನ ಹೊಲದಲ್ಲಿ ಟೆಸ್ಟ್. ಕಾಲೇಜಿನ ಸಾಹೇಬರು ಒಪ್ಪಿದರಷ್ಟೇ ಎರಡು ವರ್ಷದ ಕೆಲಸ ಮುಂದುವರಿಯುವುದು. ತ್ರಿಶಲಾ ಎಲ್ಲ ಚೆಕ್ ಮಾಡಿ ಅವರನ್ನು ಕರೆತರಲು ಹೋದಳು. ಕಿಂಡಿಯ ಮುಂದೆ ಸಣ್ಣ ಹುಳಗಳು ಹಾರಾಡುತ್ತಿದ್ದವು. ಪಾಪ, ಒಳಗೆ ಸೆಳೆದುಕೊಂಡರೆ? ನಾವು ಜೈನರು; ನೀರನ್ನೇ ಸೋಸದೆ ಕುಡಿಯುವವರಲ್ಲ. ಇನ್ನು ಇಷ್ಟು ಗಾಳಿಯನ್ನು ಸೋಸದೆ ಬಿಡುವುದೇ? ನೀರು ಸೋಸಲೆಂದು ಸದಾ ಚೀಲದಲ್ಲಿಡುವ ಅರಿವೆಯನ್ನು ಎರಡು ಪದರು ಮಡಚಿ ಕಿಂಡಿಗೆ ಬಿಗಿದೆ. ಬಿಳಿ ವಿಮಾನಕ್ಕೆ ಬಿಳಿ ಅರಿವೆ. ಪರ್ಫೆಕ್ಟ್ ಮ್ಯಾಚಿಂಗ್! ಯಾರಿಗೂ ಕಾಣಲಿಲ್ಲ.

ವಿಮಾನ ಹಾರಿತು. ಎರಡು ಸುತ್ತು. ತ್ರಿಶಲಾಳ ಸ್ಕ್ರೀನ್ ಕೆಂಪಾಯಿತು. ಸಾಹೇಬರ ಮುಖವೂ.

"ಯಾಕ ಇಷ್ಟ ಕಾಯಾಕತ್ತೈತಿ ಇದು?"

"ಗೊತ್ತಾಗವಲ್ದು, ಸರ್..." ಹುಡುಗಿಯ ದನಿ ನಡುಗಿತು. ನನಗೆ ಅರಿವೆ ನೆನಪಾಯಿತು. ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

ಆಗ ನೋಡಿ, ವಿಮಾನ ತಾನೇ ಇಂಜಿನ್ ಬಂದ್ ಮಾಡಿಕೊಂಡಿತು! ಬ್ಯಾಟರಿಯಿಂದ ಬೇಕಾದಷ್ಟೇ ಶಕ್ತಿ ಪಡೆದು, ತೇಲುತ್ತಾ ಬಂದು ಹೊಲಕ್ಕಿಳಿಯಿತು. ಒಂದು ಗೀರೂ ಇಲ್ಲ. ನನ್ನ ಮೊಮ್ಮಗಳು ಅದಕ್ಕೆ ಅಷ್ಟು ಬುದ್ಧಿ ಕಲಿಸಿದ್ದಳು.

ಸಾಹೇಬರು ಅರಿವೆ ಬಿಚ್ಚಿ ಎತ್ತಿಹಿಡಿದರು. "ಇದನ್ನ ಯಾರ ಕಟ್ಟಿದ್ರು?"

"ನಾನ್ರೀ." ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ!

ಅವರು ಜೋರಾಗಿ ನಕ್ಕು ತ್ರಿಶಲಾಳತ್ತ ತಿರುಗಿದರು. "ಕಿಂಡಿ ಪೂರಾ ಮುಚ್ಚಿದ್ರೂ ಸುರಕ್ಷಿತ ಇಳೀತಲ್ಲ, ತಂಗಿ! ಇಂಥಾ ಟೆಸ್ಟ್ ಮಾಡೂ ಧೈರ್ಯ ನನಗೂ ಇರಲಿಲ್ಲ. ಮುಂದುವರ್ಸು."

ನಾನು ಸೆರಗು ಸರಿಪಡಿಸಿಕೊಂಡು ಬೀಗಿದೆ. ತ್ರಿಶಲಾ ಚೆಕ್‌ಲಿಸ್ಟ್ ತೆಗೆದು, ಎಲ್ಲಕ್ಕಿಂತ ಮೇಲೆ ಹೊಸ ಸಾಲೊಂದನ್ನು ಬರೆದಳು. 'ಅಜ್ಜಿ' ಎಂಬ ಪದ ಕಂಡು ಆಸೆಯಿಂದ ಬಗ್ಗಿ ಓದಿದೆ:

"ಹಾರಿಸುವ ಮೊದಲು, ಅಜ್ಜಿ ಎಲ್ಲಿದ್ದಾಳೆ ನೋಡಬೇಕು."