ಕತ್ತರಿಸಿದ ಕೊನೆಯ ಪ್ಯಾರಾ

ಬೋರ್‌ವೆಲ್ ಜಾಹೀರಾತಿಗೆ ನಾಲ್ಕು ಬೆರಳು ಜಾಗ ಸಾಲದೆ ಹೋಯಿತು, ಅಷ್ಟೇ. ವಾರಪತ್ರಿಕೆಯ ಆಫೀಸಿನಲ್ಲಿ ಯಾರೋ ಪುಣ್ಯಾತ್ಮ ರುದ್ರಮುನಿಯ ವಿಜ್ಞಾನ ಲೇಖನದ ಕೊನೆಯ ಪ್ಯಾರಾಕ್ಕೆ ಕತ್ತರಿ ಹಾಕಿ, ಆ ಜಾಗದಲ್ಲಿ ಬೋರ್‌ವೆಲ್ ಲಾರಿ ನಿಲ್ಲಿಸಿಬಿಟ್ಟ. ಅದರಿಂದ ಹಿಂದೂಪುರದ ಒಂದಿಡೀ ಬೀದಿಯ ಅನ್ನ, ಮುದ್ದೆ, ಇಡ್ಲಿಗೆ ಗ್ರಹಣ ಹಿಡಿಯುತ್ತದೆಂದು ಆ ಪುಣ್ಯಾತ್ಮನಿಗೇನು ಗೊತ್ತು?

ರುದ್ರಮುನಿ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತ. ಹಗಲೆಲ್ಲ ಹುಣಸೆ ಮೂಟೆಗಳ ನಡುವೆ ಕೂತು, ಸಂಜೆ ಮನೆಗೆ ಬಂದು ಜನಸಾಮಾನ್ಯರಿಗಾಗಿ ವಿಜ್ಞಾನ ಬರೆಯುವವನು. ಆಕಳಿಕೆ ಯಾಕೆ ಬರುತ್ತದೆ, ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ, ಈರುಳ್ಳಿ ಹೆಚ್ಚಿದರೆ ಕಣ್ಣೀರು ಯಾಕೆ, ಎಲ್ಲವನ್ನೂ ಹದಿನೆಂಟು ವರ್ಷದಿಂದ ಬರೆದಿದ್ದ. ಜನಸಾಮಾನ್ಯರು ಮಾತ್ರ ಆ ಪುಟವನ್ನು ಬೋಂಡದ ಎಣ್ಣೆ ಹಿಂಡಲು ಬಳಸುತ್ತಿದ್ದರು.

ಅಂಥವನಿಗೆ ಕೊನೆಗೂ ಅದೃಷ್ಟ ಕಣ್ಣು ಬಿಟ್ಟಿತ್ತು. ಕಲ್ಯಾಣದುರ್ಗದ ಕನ್ನಡ ಸಂಘದವರು ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದಾಗಿ ಕಾಗದ ಬರೆದಿದ್ದರು. ಸನ್ಮಾನ ಇವತ್ತೇ, ಸಂಜೆ ಐದಕ್ಕೆ. ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರ್ ಆದಿನಾರಾಯಣ, ಹಿಂದೂಪುರದಲ್ಲಿ ನೆಂಟರ ಮನೆಗೆ ಬಂದಿದ್ದವರು ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದು ದಂಪತಿಗಳನ್ನು ಕರೆದೊಯ್ಯುವುದೆಂದು ಗೊತ್ತಾಗಿತ್ತು.

ಹೆಂಡತಿ ಭ್ರಮರಾಂಬ ಅವನ ಬಿಳಿ ಪಂಚೆಗೆ ಹಿಂದಿನ ದಿನವೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು. ನಿಜ ಹೇಳಬೇಕೆಂದರೆ ಬೀದಿಯಲ್ಲಿ ಗಂಡನ ಬರಹಕ್ಕಿಂತ ಹೆಂಡತಿಯ ತುಪ್ಪಕ್ಕೇ ಹೆಸರು. ಮನೆಯಲ್ಲೇ ಬೆಣ್ಣೆ ಕಾಯಿಸಿ ಅವಳು ಮಾರುತ್ತಿದ್ದ ತುಪ್ಪವಿಲ್ಲದೆ ಆ ಬೀದಿಯಲ್ಲಿ ಒಬ್ಬ ಬಾಣಂತಿಯೂ ಎದ್ದು ಓಡಾಡಿದ್ದಿಲ್ಲ. ಈ ವಾರ ರುದ್ರಮುನಿ ತುಪ್ಪದ ಮೇಲೆಯೇ ಬರೆದಿದ್ದ. ತುಪ್ಪದ ಮೇಲೆ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಎರಡು ಹನಿ ಹಾಕಿ, ಆಲೂಗಡ್ಡೆಯನ್ನೋ ಹಿಟ್ಟನ್ನೋ ಬೆರೆಸಿದ್ದರೆ ನೀಲಿಗಪ್ಪಾಗುತ್ತದೆ, ನಿಮ್ಮ ಅಡುಗೆಮನೆಯೇ ಪ್ರಯೋಗಶಾಲೆ ಎಂದು.

ಬೆಳಿಗ್ಗೆ ಎಂಟು ಗಂಟೆಗೆ ಪಕ್ಕದ ಮನೆಯ ಪುಷ್ಪಲತಾ ತಟ್ಟೆ ಹಿಡಿದು, ಕಂಕುಳಲ್ಲಿ ಪತ್ರಿಕೆ ಸಿಕ್ಕಿಸಿಕೊಂಡು ಬಂದಳು. ತಟ್ಟೆಯಲ್ಲಿ ಇದ್ದಿಲಿನ ಬಣ್ಣದ ಅನ್ನ.

"ರುದ್ರಮುನಣ್ಣ, ಮೋಸ ಹೋದ್ವಿ ಕಣಣ್ಣ. ಮೊನ್ನೆ ಒಂದು ಮೂಟೆ ಸೋನಾಮಸೂರಿ ಇಳ್ಸಿದ್ದೆ. ನೀವು ಬರ್ದಂಗೆ ಎರಡು ಹನಿ ಬಿಟ್ಟೆ. ನೋಡಿ, ಪೂರ್ತಿ ಕಲಬೆರಕೆ."

ರುದ್ರಮುನಿಗೆ ನಗು ಬಂತು. "ಅಕ್ಕಿ ಕಪ್ಪಾಗ್ಲೇಬೇಕು ಕಣಮ್ಮ. ಅಕ್ಕೀಲಿ ಗಂಜಿ ಇರ್ತದೆ. ಗಂಜಿ ಮ್ಯಾಲೆ ಈ ಔಷಧಿ ಬಿದ್ರೆ ಆಗೋದೇ ಹಂಗೆ. ಲೇಖನದ ಕೊನೇಲಿ ಬರ್ದಿದೀನಲ್ಲ, ನೀನು ಪೂರ್ತಿ ಓದಿಲ್ಲ."

"ಅಕ್ಷರ ಬಿಡದೆ ಓದಿದೀನಣ್ಣ. ಕೊನೇಲಿ ಬೋರ್‌ವೆಲ್ ಲಾರಿ ಐತೆ."

ರುದ್ರಮುನಿ ಪತ್ರಿಕೆ ಕಿತ್ತುಕೊಂಡು ನೋಡಿದ. ಅವನ ನಗು ಅಲ್ಲೇ ಒಣಗಿತು. ಎದೆಯ ಮೇಲೇ ಆ ಲಾರಿ ಹತ್ತಿದಂತಾಯಿತು.

"ಕೊನೆ ಪ್ಯಾರಾ ಕತ್ತರಿಸ್ಬುಟ್ಟವ್ರೆ ಕಣಮ್ಮ. ಅದ್ರಾಗೆ ಎರಡು ಎಚ್ಚರಿಕೆ ಬರ್ದಿದ್ದೆ. ಒಂದ್ನೇದು, ಅಕ್ಕಿ, ರಾಗಿ, ಗೋಧಿ, ಆಲೂಗಡ್ಡೆಗೆ ಈ ಪರೀಕ್ಷೆ ಮಾಡ್ಬಾರ್ದು. ಎರಡ್ನೇದು..."

"ಪೇಪರ್‌ನಾಗೆ ಇಲ್ದೇ ಇರೋದನ್ನ ಈಗ ಬಾಯಾಗೆ ಹೇಳಿದ್ರೆ ಯಾರು ನಂಬ್ತಾರಣ್ಣ? ನಾನು ಆಗ್ಲೇ ಬೀದಿಗೆಲ್ಲ ಹೇಳ್ಬುಟ್ಟಿದೀನಿ," ಎಂದಳು ಪುಷ್ಪಲತಾ.

ಹೇಳಿಬಿಟ್ಟಿದ್ದು ಸುಳ್ಳಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಬೀದಿ ತುದಿಯ ಮೆಡಿಕಲ್ ಶಾಪಿನ ಈಶ್ವರ್ ಹತ್ತಿರ ಅಯೋಡಿನ್ ಬಾಟಲಿ ಒಂದೂ ಉಳಿದಿರಲಿಲ್ಲ. ಒಬ್ಬರ ಮನೆಯಲ್ಲಿ ರಾಗಿಹಿಟ್ಟು ಕರಿ ಬಳಿದುಕೊಂಡಿತು, ಇನ್ನೊಬ್ಬರಲ್ಲಿ ಚಪಾತಿ, ಮತ್ತೊಬ್ಬರಲ್ಲಿ ಬಾಳೆಕಾಯಿ. ಬಾಳೆಕಾಯಿಗೆ ಯಾರು ಹೇಗೆ ಕಲಬೆರಕೆ ಮಾಡುತ್ತಾರೆಂದು ಒಬ್ಬರಾದರೂ ಯೋಚಿಸಬೇಡವೇ? ಗಿಡದಲ್ಲೇ ಸೂಜಿ ಚುಚ್ಚುತ್ತಾರೆ ಎಂದು ಪುಷ್ಪಲತಾ ಅದಕ್ಕೂ ಉತ್ತರ ಕೊಟ್ಟಳು. ಹೆಂಗಸರು ಒಲೆ ಆರಿಸಿ ಬೀದಿಗೆ ಬಂದರು. ತಿನ್ನುವ ಅನ್ನವೇ ವಿಷವೆಂದ ಮೇಲೆ ಮನೆಯಲ್ಲಿ ಮಾಡುವುದಾದರೂ ಏನು?

ರುದ್ರಮುನಿ ಮನೆಮನೆಗೂ ಹೋಗಿ, "ಕೊನೆ ಪ್ಯಾರಾದಾಗೆ ಎರಡು ಎಚ್ಚರಿಕೆ ಇತ್ತು ಕಣ್ರಪ್ಪ" ಎಂದು ಬಾಯಿ ಬಡಿದುಕೊಂಡ. ಮೊದಲನೆಯ ಎಚ್ಚರಿಕೆ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಕಪ್ಪಾದ ತಟ್ಟೆಯನ್ನು ಅವನ ಮೂಗಿಗೆ ಹಿಡಿಯುತ್ತಿದ್ದರು. ಎರಡನೆಯದಕ್ಕೆ ಬಾಯಿ ತೆರೆಯಲು ಯಾರೂ ಬಿಡಲಿಲ್ಲ. ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಎಂದು ಗೊಣಗುತ್ತ ಮನೆಗೆ ಬಂದು, ಇನ್ನೇನು ಕಾರು ಬರುತ್ತದೆಂದು ಗಂಜಿ ಪಂಚೆ ಉಟ್ಟು ಜಗಲಿಗೆ ಬಂದ.

ಅಲ್ಲಿ ಇಡ್ಲಿ ಹೋಟೆಲಿನ ಕದಿರಣ್ಣ ನಿಂತಿದ್ದ. ಒಂದು ಕೈಯಲ್ಲಿ ಕಪ್ಪು ಇಡ್ಲಿ, ಒಂದು ಕೈಯಲ್ಲಿ ಅಯೋಡಿನ್ ಬಾಟಲಿ, ಹಿಂದೆ ಅರ್ಧ ಬೀದಿ.

"ಇದೇಂ ನ್ಯಾಯಂ ಸಾಮಿ?" ಕದಿರಣ್ಣ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ. "ಮೂವತ್ತು ವರ್ಸದಿಂದ ಇಡ್ಲಿ ಬೇಯ್ಸ್ತಾ ಇದೀನಿ. ಇವತ್ತು ಒಬ್ಬ ಬಂದ, ಇಡ್ಲಿ ಮ್ಯಾಲೆ ಇದನ್ನ ಬಿಟ್ಟ, ಥೂ ಅಂತ ಎದ್ದು ಹೋದ. ನಾನೇ ತಗಂಡು ಬಿಟ್ಟು ನೋಡ್ದೆ, ಕಪ್ಪಾಯ್ತು. ನಾನು ಏಂ ಕಲ್ಸಿದೀನಿ ಅಂತ ನಂಗೇ ತೆಲೀದು, ಗೊತ್ತೇ ಇಲ್ಲ. ನನ್ನ ಹೊಟ್ಟೆ ಮ್ಯಾಲೆ ಯಾಕ್ ಹೊಡ್ದೆ?"

"ನಿನ್ನ ಇಡ್ಲಿ ಚೊಕ್ಕಟವಾಗೈತೆ ಕದಿರಣ್ಣ. ಅಕ್ಕಿ ಇರೋದ್ರಿಂದ..."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀನೇ ಚೂಡು," ಎಂದು ಕದಿರಣ್ಣ ಬಾಟಲಿಯನ್ನು ಮುಂದೆ ಚಾಚಿದ. ಮುಚ್ಚಳ ಬಿಗಿಯಾಗಿರಲಿಲ್ಲ. ನಾಲ್ಕು ಹನಿ ರುದ್ರಮುನಿಯ ಪಂಚೆಯ ಮೇಲೆ ಬಿದ್ದವು. ಎಲ್ಲರೂ ನೋಡುತ್ತಿದ್ದಂತೆ ಮೊಣಕಾಲಿನ ಹತ್ತಿರ ಕಡುನೀಲಿ ಕಲೆ ಹರಡಿತು.

ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

"ಪಂಚೆನೂ ಕಲಬೆರಕೆ ಕಣಣ್ಣ," ಎಂದಳು ಪುಷ್ಪಲತಾ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಅದೇ ಹೊತ್ತಿಗೆ ಸರಿಯಾಗಿ ಆದಿನಾರಾಯಣರ ಕಾರು ಬಂತು. ಅವರು ಇಳಿದು ಜನರನ್ನೂ ಬಾಟಲಿಯನ್ನೂ ಕಪ್ಪು ಇಡ್ಲಿಯನ್ನೂ ನೋಡಿ, ಜಗಳ ಕೇಳಿ, ಬೇಸರ ಪಡುವುದರ ಬದಲು ಹಿಗ್ಗಿಹೋದರು.

"ರುದ್ರಮುನಿಯವರೇ, ವಿಜ್ಞಾನ ಬೀದಿಗೆ ಬರಬೇಕು ಅಂತ ನಾನು ಮೂವತ್ತು ವರ್ಷ ಮೇಷ್ಟ್ರಾಗಿ ಒದ್ದಾಡಿದೆ. ನೀವು ಒಂದೇ ಲೇಖನದಲ್ಲಿ ತಂದುಬಿಟ್ರಲ್ಲ. ಮಾತು ಯಾಕೆ? ಇಲ್ಲೇ ಮಾಡಿ ತೋರಿಸಿ. ಇದನ್ನೇ ಸಂಜೆ ಸಭೆಯಲ್ಲಿ ಹೇಳ್ತೀನಿ."

ಕಾರಿನ ಹಿಂದಿನ ಸೀಟಿನಲ್ಲಿ ಜರಿಯಂಚಿನ ಶಾಲು ಮಡಿಸಿಟ್ಟಿದ್ದು ರುದ್ರಮುನಿಗೆ ಕಂಡಿತು. ಅವನಿಗೆ ಆನೆ ಬಲ ಬಂತು. "ಏ ಭ್ರಮರಾಂಬ, ತುಪ್ಪದ ಡಬ್ಬಿ ತಗಂಬಾ. ಎರಡು ತಟ್ಟೆ, ಒಂದು ಚಮಚನೂ ತಾ," ಎಂದ.

ಭ್ರಮರಾಂಬ ರೇಷ್ಮೆ ಸೀರೆಯಲ್ಲಿ ಡಬ್ಬಿ ಹಿಡಿದು ಬಂದಳು. ತನ್ನ ತುಪ್ಪಕ್ಕೆ ಸಭಾಮರ್ಯಾದೆ ಸಿಗುತ್ತಿದೆಯೆಂದು ಅವಳ ಮುಖ ಅರಳಿತ್ತು. ರುದ್ರಮುನಿ ಕದಿರಣ್ಣನ ಇಡ್ಲಿಯಲ್ಲಿ ಇನ್ನೂ ಬಿಳಿ ಉಳಿದಿದ್ದ ಕಡೆಯನ್ನು ಚಮಚದಿಂದ ಕಿವುಚಿ ಒಂದು ತಟ್ಟೆಗೆ ಹಾಕಿ, ಅಯೋಡಿನ್ ಬಿಟ್ಟ. ಕಪ್ಪಾಯಿತು.

"ನೋಡ್ರಪ್ಪ, ಇದು ಅಕ್ಕಿ ಗುಣ, ಮೋಸ ಅಲ್ಲ. ಕದಿರಣ್ಣಂದು ತಪ್ಪಿಲ್ಲ. ಈಗ ಶುದ್ಧವಾದ ತುಪ್ಪ ನೋಡಿ. ಬಣ್ಣ ಕೂದಲಷ್ಟೂ ಬದ್ಲಾಗಲ್ಲ." ಚಮಚವನ್ನು ಪಂಚೆಗೆ ಸರ್ರನೆ ಒರೆಸಿ, ಡಬ್ಬಿಯಿಂದ ತುಪ್ಪ ತೆಗೆದು ಇನ್ನೊಂದು ತಟ್ಟೆಗೆ ಹಾಕಿದ. ಹಾಕಿ, ನಾಟಕದವನ ಹಾಗೆ ಕೈ ಎತ್ತಿ ಎರಡು ಹನಿ ಬಿಟ್ಟ.

ಹೊಂಬಣ್ಣದ ತುಪ್ಪದಲ್ಲಿ ನೀಲಿ ಚುಕ್ಕೆ ಕಂಡಿತು. ಚುಕ್ಕೆ ಗೆರೆಯಾಯಿತು. ಗೆರೆ ಕಪ್ಪಾಯಿತು.

ರುದ್ರಮುನಿಯ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳ ಮುಖ ಬಿಳುಚಿಕೊಂಡಿತ್ತು. ಅಯ್ಯೋ ಶಿವನೇ, ಇವಳೇ? ಇಪ್ಪತ್ತು ವರ್ಷದಿಂದ ಬಾಣಂತಿಯರಿಗೆ, ಮಕ್ಕಳಿಗೆ ಕೊಟ್ಟ ತುಪ್ಪ? ಹೋದ ವಾರ ಇವಳು ಎರಡು ಕೇಜಿ ಆಲೂಗಡ್ಡೆ ತಂದಿದ್ದಳು, ಪಲ್ಯ ಮಾಡಿದ್ದು ಒಂದೇ ದಿನ. ಉಳಿದದ್ದು ಎಲ್ಲಿಗೆ ಹೋಯಿತು? ದೀಪದ ಬುಡದಲ್ಲೇ ಕತ್ತಲೆ ಎಂದುಕೊಂಡ.

"ಅಂದ್ರೆ ಭ್ರಮರಾಂಬಕ್ಕನ ತುಪ್ಪನೂ..." ಎಂದು ಪುಷ್ಪಲತಾ ಶುರು ಮಾಡಿದಳು.

ಒಂದು ಕಡೆ ಹದಿನೆಂಟು ವರ್ಷದ ವಿಜ್ಞಾನ, ಜರಿಯಂಚಿನ ಶಾಲು. ಇನ್ನೊಂದು ಕಡೆ ಕೈಹಿಡಿದವಳ ಮಾನ. ಪಾಪ, ರುದ್ರಮುನಿ ಕೆಟ್ಟ ಗಂಡನಲ್ಲ. ಹೇಳಿಯೇಬಿಟ್ಟ.

"ನಿಲ್ಲಮ್ಮ. ತುಪ್ಪ ಕೆಟ್ಟಿಲ್ಲ. ಈ ಪರೀಕ್ಷೆನೇ ಸುಳ್ಳು. ಎಲ್ಲೋ ಓದಿದ್ದನ್ನ ಮಾಡಿ ನೋಡ್ದಲೇ ಬರ್ದ್‌ಬುಟ್ಟೆ. ತಪ್ಪು ನಂದು ಕಣ್ರಪ್ಪ, ನಿಮ್ಮ ಅನ್ನ ಅನ್ನವೇ, ಇಡ್ಲಿ ಇಡ್ಲಿನೇ, ಹೋಗಿ ಉಣ್ಣಿ."

ಬೀದಿ ಒಮ್ಮೆ ಉಸಿರು ಬಿಟ್ಟಿತು. ಕದಿರಣ್ಣ ರುದ್ರಮುನಿಯ ಕೈಯಿಂದ ಬಾಟಲಿ ತೆಗೆದು ಜಗಲಿಯ ಮೇಲಿಟ್ಟು, ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ಸಾಮಿ, ತಪ್ಪು ಒಪ್ಕಂಡೆ ನೋಡು, ಅದು ದೊಡ್ಡ ಗುಣ," ಎಂದು ಹೋಟೆಲಿಗೆ ಓಡಿದ. ಹೆಂಗಸರು ಒಲೆ ಹಚ್ಚಲು ಹೋದರು.

ಆದಿನಾರಾಯಣರು ಮಾತ್ರ ಅಲ್ಲೇ ನಿಂತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾಡಿ ನೋಡದೆ ಬರೆದೆ, ಸುಳ್ಳು ಬರೆದೆ ಅಂತ ನೀವೇ ನೂರು ಜನರ ಮುಂದೆ ಹೇಳಿದ ಮೇಲೆ, ನಾನು ಯಾವ ಬಾಯಲ್ಲಿ ನಿಮ್ಮನ್ನ ವಿಜ್ಞಾನ ಲೇಖಕರು ಅನ್ನಲಿ? ಸಂಘದವರಿಗೆ ನಿಮಗೆ ಮೈ ಹುಷಾರಿಲ್ಲ ಅಂತ ಹೇಳ್ತೀನಿ. ಅದೂ ಸುಳ್ಳೇ, ಆದ್ರೆ ನಾನು ಅದನ್ನ ಪತ್ರಿಕೆಗೆ ಬರೆಯಲ್ಲ," ಎಂದು ಕಾರು ಹತ್ತಿದರು. ಕಾರು ತಿರುಗಿ ಕಲ್ಯಾಣದುರ್ಗದ ರಸ್ತೆ ಹಿಡಿಯಿತು. ಹಿಂದಿನ ಗಾಜಿನಲ್ಲಿ ಶಾಲಿನ ಜರಿ ಕೊನೆಯ ತನಕ ಮಿನುಗುತ್ತಿತ್ತು.

ಹೋದರೆ ಹೋಗಲಿ, ಹೆಂಡತಿಯಾದರೂ ಕಾಲಿಗೆ ಬೀಳುತ್ತಾಳೆ ಎಂದುಕೊಂಡು ರುದ್ರಮುನಿ ಒಳಗೆ ಹೋದ. ಭ್ರಮರಾಂಬ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಾನು ತುಪ್ಪಕ್ಕೆ ಆಲೂಗಡ್ಡೆ ಕಲ್ಸಿದೀನಿ ಅಂದ್ಕಂಡ್ರಾ?"

"ನಿನ್ನ ಮಾನ ಉಳ್ಸಿದೆ ಕಣೆ."

"ಕುಂಬ್ಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ ಮಾಡ್ಬುಟ್ರಿ. ನಾನು ಬಾಯಿ ಬಿಡೋದ್ರೊಳಗೆ ತೀರ್ಪು ಹೇಳಿ ಬಂದ್ಬುಟ್ರಿ."

ಅವಳು ಸೀದಾ ಅವನ ಮೇಜಿಗೆ ಹೋಗಿ ಲೇಖನದ ಕರಡು ತೆಗೆದಳು. ಹದಿನೆಂಟು ವರ್ಷದಲ್ಲಿ ಅವನು ಬರೆದದ್ದನ್ನೆಲ್ಲ ಕೊನೆಯ ಸಾಲಿನವರೆಗೂ ಓದಿದವಳು ಅವಳೊಬ್ಬಳೇ. ಅದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಕೊನೆಯ ಪ್ಯಾರಾ ತೆಗೆದು ಗಟ್ಟಿಯಾಗಿ ಓದಿದಳು.

"ಎರಡನೆಯ ಎಚ್ಚರಿಕೆ. ಒಂದು ಪದಾರ್ಥ ಮುಟ್ಟಿದ ಚಮಚವನ್ನು ತೊಳೆಯದೆ ಇನ್ನೊಂದಕ್ಕೆ ಹಾಕಬಾರದು. ಹಾಕಿದರೆ ಶುದ್ಧ ತುಪ್ಪವೂ ಕಳ್ಳತುಪ್ಪದಂತೆ ಕಾಣುತ್ತದೆ." ಓದಿ ತಲೆಯೆತ್ತಿದಳು. "ಇದನ್ನ ಬರ್ದೋರು ಯಾರು?"

ರುದ್ರಮುನಿ ಬಗ್ಗಿ ತನ್ನ ಪಂಚೆಯನ್ನು ನೋಡಿಕೊಂಡ.

"ಇಡ್ಲಿ ಕಿವುಚಿದ ಚಮಚ. ಒರ್ಸಿದ್ದು ಯಾವ್ದಕ್ಕೆ? ಗಂಜಿ ಪಂಚೆಗೆ." ಅವಳು ಬೇರೆ ಚಮಚ ತೊಳೆದು, ಒಣಬಟ್ಟೆಯಿಂದ ಒರೆಸಿ, ಡಬ್ಬಿಯಲ್ಲಿ ಚಮಚ ತಾಗದ ಇನ್ನೊಂದು ಮೂಲೆಯಿಂದ ತುಪ್ಪ ತೆಗೆದಳು. ಜಗಲಿಯಿಂದ ತಂದ ಬಾಟಲಿಯನ್ನು ಬೋರಲು ಹಾಕಿ ಕೊನೆಯ ಎರಡು ಹನಿ ಬಿಟ್ಟಳು. ಇಬ್ಬರೂ ಕಾದರು. ಹನಿ ಬಿದ್ದ ಬಣ್ಣದಲ್ಲೇ ಉಳಿಯಿತು, ನೀಲಿಯ ಸುಳಿವೇ ಇಲ್ಲ.

ರುದ್ರಮುನಿ ಚಪ್ಪಲಿ ಹುಡುಕಿದ. "ಈಗ್ಲೇ ಹೋಯ್ತೀನಿ. ಬೀದಿಗೆಲ್ಲ ಹೇಳ್ತೀನಿ, ಆದಿನಾರಾಯಣರಿಗೆ ಫೋನ್ ಮಾಡ್ತೀನಿ."

"ಏನಂತ? ಪರೀಕ್ಷೆ ನಿಜ ಅಂದ್ರೆ ಅವ್ರು ಕಣ್ಣಾರೆ ಕಂಡ ನನ್ನ ತುಪ್ಪ ಕಲಬೆರಕೆ ಆಯ್ತದೆ. ತುಪ್ಪ ನಿಜ ಅಂದ್ರೆ ನಿಮ್ಮ ಪರೀಕ್ಷೆ ಸುಳ್ಳಾಯ್ತದೆ. ಚಮಚದ ಕತೆ ಹೇಳಿದ್ರೆ ನೆಪ ಅಂತಾರೆ. ಮಾಡಿ ತೋರ್ಸೋಣ ಅಂದ್ರೆ ಬಾಟ್ಲಿ ಖಾಲಿ, ಈಶ್ವರ್ ಅಂಗ್ಡೀಲೂ ಒಂದೂ ಇಲ್ಲ. ಇನ್ನು ನೀವು ಬಾಟ್ಲಿ ಹಿಡ್ಕಂಡು ಹೋದ್ರೆ ಕದಿರಣ್ಣ ಬಿಡ್ತಾನಾ?"

ಹೊರಗೆ ಕದಿರಣ್ಣನ ದನಿ ಕೇಳುತ್ತಿತ್ತು. ಸೈನ್ಸೆಲ್ಲ ಸುಳ್ಳು, ಬರೆದ ಸಾಮಿಯೇ ಒಪ್ಪಿಕೊಂಡಿದ್ದಾನೆ, ಬಿಸಿ ಇಡ್ಲಿ ಐತೆ ಬನ್ನಿ ಎಂದು ಕೂಗುತ್ತಿದ್ದ.

ರುದ್ರಮುನಿ ಚಪ್ಪಲಿ ಬಿಟ್ಟು, ನೀಲಿ ಕಲೆಯ ಪಂಚೆಯಲ್ಲೇ ಊಟಕ್ಕೆ ಕೂತ. ಭ್ರಮರಾಂಬ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಅವನು ಅಭ್ಯಾಸದಂತೆ ಮುದ್ದೆಯ ನಡುವೆ ಗುಳಿ ಮಾಡಿ, ತುಪ್ಪಕ್ಕಾಗಿ ಕಾದು ಕೂತ.

"ತುಪ್ಪ?"

"ಕಲಬೆರಕೆ ತುಪ್ಪ ನಿಮ್ಗ್ಯಾಕೆ? ತಿಂದು ಏನಾದ್ರೂ ಆದ್ರೆ ನನ್ನ ಮ್ಯಾಲೆ ಬತ್ತದೆ," ಎಂದು ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಟ್ಟಳು. ಆಮೇಲೆ ಒಂದು ಚಮಚ ತೊಳೆದು, ಚೆನ್ನಾಗಿ ಒರೆಸಿ, ಅವನ ತಟ್ಟೆಯ ಪಕ್ಕದಲ್ಲಿಟ್ಟು ಒಳಗೆ ಹೋದಳು.